ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಮಾಚಾ ಕೊಳ್ಳುವುದು, ಕಲಸುವುದು: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಮಾಚಾ ಎಂಬ ಜಪಾನಿ ಹಸಿರು ಚಹಾ ಪುಡಿಯನ್ನು ಕುಡಿಯಲು ಶುರು ಮಾಡಬೇಕು ಅಂದುಕೊಂಡವರು ಮೊದಲು ಮಾಡುವ ಕೆಲಸ ಆನ್‌ಲೈನ್‌ನಲ್ಲಿ ಕಿಟ್ ಹುಡುಕುವುದು. ಚೆಂದದ ಪೆಟ್ಟಿಗೆ, ಒಳಗೆ ಕಲಸಲು ಬಿದಿರಿನ ಕುಂಚ, ಬಿದಿರಿನ ಚಮಚ, ಬಟ್ಟಲು, ಕುಂಚ ಇಡುವ ಸ್ಟ್ಯಾಂಡ್, ಮೂಲೆಯಲ್ಲಿ ಒಂದು ಪುಟ್ಟ ಪ್ಯಾಕೆಟ್ ಪುಡಿ. ನನ್ನ ಸಲಹೆ ಇದಕ್ಕೆ ಪೂರಾ ಉಲ್ಟಾ. ದುಡ್ಡನ್ನು ಪುಡಿಗೆ ಹಾಕಿ. ಸಾಮಾನಿನಲ್ಲಿ ಕುಂಚ, ಒಂದು ಸಣ್ಣ ಜಾಲರಿ ಕೊಂಡರೆ ಸಾಕು, ಉಳಿದದ್ದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ. ಕಿಟ್ಟಿನ ಬೆಲೆ ಬಟ್ಟಲಿಗೆ, ಪೆಟ್ಟಿಗೆಗೆ ಹೋಗಿರುತ್ತದೆ. ಪುಡಿ ಅಲ್ಲಿ ಲೆಕ್ಕಕ್ಕೆ ಮಾತ್ರ. ಅದನ್ನು ಕುಡಿದು ಮುಖ ಹುಳ್ಳಗೆ ಮಾಡಿಕೊಂಡು "ನನಗೆ ಮಾಚಾ ಸೇರುವುದಿಲ್ಲ" ಎನ್ನುವವರು ಬಹಳ. ಅವರು ನಿಜವಾದ ಮಾಚಾ ಕುಡಿದೇ ಇರುವುದಿಲ್ಲ.

ಇದು ಯಾಕಿಷ್ಟು ದುಬಾರಿ

ಮಾಚಾ ಅಂದರೆ ಹಸಿರು ಚಹಾ ಎಲೆಯ ಬಹಳ ನುಣುಪಾದ ಪುಡಿ. ಹಾಗಂತ ಯಾವುದೋ ಗ್ರೀನ್ ಟೀ ಎಲೆಯನ್ನು ಮಿಕ್ಸಿಗೆ ಹಾಕಿದರೆ ಮಾಚಾ ಆಗುವುದಿಲ್ಲ. ಕೊಯ್ಲಿಗೆ ಮೂರು-ನಾಲ್ಕು ವಾರ ಇರುವಾಗಲೇ ಗಿಡಗಳ ಮೇಲೆ ನೆರಳು ಕಟ್ಟುತ್ತಾರೆ. ಬಿಸಿಲು ಸಿಗದ ಎಲೆಯಲ್ಲಿ ಕ್ಲೋರೊಫಿಲ್ ಜಾಸ್ತಿಯಾಗಿ ಹಸಿರು ಗಾಢವಾಗುತ್ತದೆ. ಎಲ್-ಥಿಯನಿನ್ ಅನ್ನುವ ಅಮೈನೊ ಆಮ್ಲವೂ ಎಲೆಯಲ್ಲೇ ಉಳಿಯುತ್ತದೆ. ಬಾಯಿಗೆ ಬರುವ ಆ ದುಂಡನೆಯ ಸಿಹಿರುಚಿ ಅದರದು. ಬಿಸಿಲು ಬಿದ್ದಷ್ಟೂ ಎಲೆ ಒಗರು ಕೊಡುವ ಕ್ಯಾಟೆಚಿನ್‌ಗಳನ್ನು ತುಂಬಿಕೊಳ್ಳುತ್ತದೆ.

ಕೊಯ್ದ ಎಲೆಯನ್ನು ಹಬೆಗೆ ಹಿಡಿದು, ಹೊಸೆಯದೆ ಹಾಗೇ ಒಣಗಿಸಿ, ದಂಟು ಮತ್ತು ನರ ತೆಗೆಯುತ್ತಾರೆ. ಉಳಿದದ್ದಕ್ಕೆ ಟೆಂಚಾ ಎಂದು ಹೆಸರು. ಅದನ್ನು ಬೀಸುಕಲ್ಲಿಗೆ ಹಾಕಿದರೆ ಮಾಚಾ. ಒಂದು ಬೀಸುಕಲ್ಲು ಗಂಟೆಗೆ ಬೀಸುವುದು 30-40 ಗ್ರಾಂ ಅಷ್ಟೇ. ಜೋರಾಗಿ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪುಡಿಯ ಘಮ ಹೋಗುತ್ತದೆ. ನೀವು ಕೊಳ್ಳುವ ಪುಟ್ಟ ಡಬ್ಬಿ ಹೀಗೆ ಒಂದು ಕಲ್ಲಿನ ಒಂದು ಗಂಟೆಯ ಕೆಲಸ. ಅಗ್ಗದ ಪುಡಿಗಳನ್ನು ಯಂತ್ರದಲ್ಲಿ ಬೀಸುತ್ತಾರೆ, ಅದೇನೂ ಪಾಪವಲ್ಲ, ಹಾಲಿಗೆ ಸಾಕಾಗುತ್ತದೆ.

ನೀರೋ, ಹಾಲೋ?

ಕೊಳ್ಳುವ ಮೊದಲು ಇದೊಂದನ್ನು ತೀರ್ಮಾನಿಸಿ. ಬರೀ ಬಿಸಿನೀರಿನಲ್ಲಿ ಕಲಸಿ ಕುಡಿಯುವವರಿಗೆ ಒಳ್ಳೆಯ ದರ್ಜೆಯ ಪುಡಿಯೇ ಬೇಕು, ಅಲ್ಲಿ ಕಹಿಯನ್ನು ಮುಚ್ಚಲು ಬೇರೇನೂ ಇರುವುದಿಲ್ಲ. ಹಾಲು-ಸಕ್ಕರೆ ಹಾಕಿ ಲಾಟೆ ಮಾಡಿಕೊಳ್ಳುವವರು ಅಷ್ಟು ದುಬಾರಿ ಪುಡಿ ತಂದರೆ ದುಡ್ಡು ಹಾಲಿನಲ್ಲಿ ಮುಳುಗಿತು ಅಂತಲೇ ಲೆಕ್ಕ. ಮಧ್ಯಮ ದರ್ಜೆ, ಸ್ವಲ್ಪ ಗಡಸು ರುಚಿಯದ್ದು, ಹಾಲಿನ ಮುಂದೆ ಚೆನ್ನಾಗಿ ನಿಲ್ಲುತ್ತದೆ.

ನಮ್ಮ ಕಡೆ ಬೆಲ್ಲದ ಚಹಾ, ಶುಂಠಿ-ಏಲಕ್ಕಿ ಚಹಾ ಕುಡಿದು ಬೆಳೆದ ನಾಲಿಗೆಗೆ ಮೊದಲ ಗುಟುಕು ಪಾಲಕ್ ಸೊಪ್ಪು ಬೇಯಿಸಿದ ನೀರಿನಂತೆ ಅನ್ನಿಸಬಹುದು. ಹಾಗಾಗಿ ವಿದ್ಯಾನಗರ, ಗೋಕುಲ ರಸ್ತೆಯ ಕಡೆ ಯಾವುದಾದರೂ ಕೆಫೆಯ ಮೆನುವಿನಲ್ಲಿ ಮಾಚಾ ಕಂಡರೆ ಅಲ್ಲೇ ಒಂದು ಗ್ಲಾಸ್ ಕುಡಿದು ನೋಡಿ. ಸಕ್ಕರೆ ಹಾಕದೆ ಕೊಡಲು ಹೇಳಿ. ಬಹಳ ಕೆಫೆಗಳಲ್ಲಿ ಸಿರಪ್ ಜಾಸ್ತಿ, ಮಾಚಾ ಕಮ್ಮಿ.

ಲೇಬಲ್ ಓದುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದಲು ಸಮಯ ಇದ್ದರೆ ಇದನ್ನು ಓದಿ.

ಡಬ್ಬಿಯ ಮುಂಭಾಗವನ್ನು ಬಿಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಒಂದು ವಸ್ತು ಇರಬೇಕು: ಮಾಚಾ, ಅಥವಾ ಹಸಿರು ಚಹಾ ಪುಡಿ. ಸಕ್ಕರೆ, ಹಾಲಿನ ಪುಡಿ, ಮಾಲ್ಟೊಡೆಕ್ಸ್‌ಟ್ರಿನ್, ಫ್ಲೇವರ್ ಕಂಡರೆ ಅದು ಪ್ರೀಮಿಕ್ಸ್. ಕುಡಿಯಲು ಅಡ್ಡಿಯಿಲ್ಲ, ಆದರೆ ಮಾಚಾ ಬೆಲೆ ಕೊಟ್ಟು ಸಕ್ಕರೆ ತಂದ ಹಾಗಾಗುತ್ತದೆ. ನುಗ್ಗೆ ಸೊಪ್ಪಿನ ಪುಡಿ, ಗೋಧಿಹುಲ್ಲಿನ ಪುಡಿ ಬೆರೆಸಿದ "ಗ್ರೀನ್ ಮಿಕ್ಸ್"ಗಳೂ ಬರುತ್ತವೆ. ನುಗ್ಗೆ ಪುಡಿ ಒಳ್ಳೆಯದೇ, ಅದು ಬೇಕೆಂದರೆ ಹಿತ್ತಲಲ್ಲೇ ಗಿಡ ಇರುತ್ತದೆ ಅಲ್ವಾ?

ಆಮೇಲೆ ಊರು. "ಜಪಾನಿನ ಮಾಚಾ" ಎಂದಷ್ಟೇ ಬರೆದಿದ್ದಕ್ಕಿಂತ ಪ್ರದೇಶ ಹೇಳಿರುವ ಡಬ್ಬಿಯನ್ನು ನಾನು ಹೆಚ್ಚು ನಂಬುತ್ತೇನೆ. ಕ್ಯೋಟೋ ಬಳಿಯ ಉಜಿ, ಐಚಿ ಪ್ರಾಂತ್ಯದ ನಿಶಿಯೊ, ಫುಕುಓಕಾದ ಯಾಮೆ, ದಕ್ಷಿಣದ ಕಾಗೊಶಿಮಾ, ಇವೆಲ್ಲ ಹೆಸರಾದ ಊರುಗಳು. ಹೊಸಬರಿಗೆ ಉಜಿಯೇ ಬೇಕೆಂಬ ಹಟ ಬೇಡ. ಆ ಹೆಸರಿಗೇ ಒಂದಿಷ್ಟು ಬೆಲೆ ಸೇರಿಕೊಂಡಿರುತ್ತದೆ. ಚೀನಾದಲ್ಲೂ, ಮುಖ್ಯವಾಗಿ ಗುಯಿಝೌ ಪ್ರಾಂತ್ಯದಲ್ಲಿ, ಈಗ ಬಹಳ ಮಾಚಾ ಬೆಳೆಯುತ್ತಾರೆ. ಲಾಟೆಗೆ ಅದು ನಡೆಯುತ್ತದೆ. ಚೀನಾದ ಪುಡಿಯನ್ನು ಚೀನಾದ್ದು ಎಂದೇ ಹೇಳಿ ಮಾರುವವರ ಬಗ್ಗೆ ನನ್ನ ತಕರಾರಿಲ್ಲ. ಜಪಾನಿ ಅಕ್ಷರ, ಚೆರ್ರಿ ಹೂವಿನ ಚಿತ್ರ ಹಾಕಿ, ಎಲ್ಲಿಯದು ಅಂತ ಮಾತ್ರ ಬರೆಯದವರನ್ನು ದೂರ ಇಡಿ.

"ಸೆರಿಮೋನಿಯಲ್ ಗ್ರೇಡ್", ಅಂದರೆ ಜಪಾನಿ ಚಹಾ ವಿಧಿಗೆ ತಕ್ಕ ದರ್ಜೆ, ಎಂಬ ಮಾತಿಗೆ ಮರುಳಾಗಬೇಡಿ. ಜಪಾನಿನಲ್ಲಿ ಇದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು, ಬರೆದುಕೊಳ್ಳುತ್ತಲೂ ಇದ್ದಾರೆ. ಅದಕ್ಕಿಂತ ಮೊದಲ ಕೊಯ್ಲಿನ ಎಲೆಯೇ ಎಂದು ನೋಡಿ. ವಸಂತದಲ್ಲಿ, ಏಪ್ರಿಲ್-ಮೇ ಹೊತ್ತಿಗೆ ಕೊಯ್ಯುವ ಮೊದಲ ಚಿಗುರು ಸಿಹಿ, ಮೃದು. ಎರಡನೆಯ, ಮೂರನೆಯ ಕೊಯ್ಲಿಗೆ ಒಗರು ಜಾಸ್ತಿ.

ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಿಂಗಳು ಹೊಸದಿರಬೇಕು. ಮುಗಿಯುವ ದಿನಾಂಕಕ್ಕೆ ಇನ್ನೆರಡು ತಿಂಗಳು ಉಳಿದಿರುವ ಡಬ್ಬಿ ಅರ್ಧ ಬೆಲೆಗೆ ಸಿಗುತ್ತಿದ್ದರೆ, ಅದಕ್ಕೊಂದು ಕಾರಣ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಆಮದು ಮಾಲಾದರೆ ಆಮದುದಾರರ ಹೆಸರು-ವಿಳಾಸದ ಸ್ಟಿಕರ್ ಇರಲೇಬೇಕು. ಮಾಚಾದಲ್ಲಿ ಎಲೆಯನ್ನು ಸೋಸಿ ಎಸೆಯುವುದಿಲ್ಲ, ಪೂರಾ ಎಲೆಯೇ ಹೊಟ್ಟೆಗೆ ಹೋಗುತ್ತದೆ. ಎಲೆಯ ಮೇಲೆ ಏನಿದೆಯೋ ಅದೂ ಜೊತೆಗೇ. ಹಾಗಾಗಿ ಹೆಸರು-ವಿಳಾಸ ಇಲ್ಲದ ಮಾಲು ಬೇಡ.

ಡಬ್ಬಿ ತಗಡಿನದ್ದೋ, ಒಳಗೆ ಫಾಯಿಲ್ ಇರುವ ಜಿಪ್ ಪೌಚೋ ಆಗಿರಬೇಕು. ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಶೆಲ್ಫಿನ ಮೇಲೆ ಮಿಂಚುತ್ತಾ ಕೂತ ಪುಡಿಯನ್ನು ಬೆಳಕು ಆಗಲೇ ಅರ್ಧ ತಿಂದಿರುತ್ತದೆ.

ಬೆಲೆಯನ್ನು ಡಬ್ಬಿಯ ಲೆಕ್ಕದಲ್ಲಿ ನೋಡಬೇಡಿ, ಕಪ್ಪಿನ ಲೆಕ್ಕ ಹಾಕಿ. ಒಂದು ಕಪ್ಪಿಗೆ 2 ಗ್ರಾಂ. 30 ಗ್ರಾಂ ಡಬ್ಬಿಗೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. 15 ಕಪ್, ಕಪ್ಪಿಗೆ 80 ರೂಪಾಯಿ. ಅದೇ 100 ಗ್ರಾಂ ಪೌಚಿಗೆ 2,500 ಆದರೆ ಕಪ್ಪಿಗೆ 50 ಬೀಳುತ್ತದೆ, ಆದರೆ ಒಬ್ಬರೇ ಕುಡಿಯುವ ಮನೆಯಲ್ಲಿ ಆ ಪೌಚ್ ಮುಗಿಯುವಷ್ಟರಲ್ಲಿ ಪುಡಿ ಹಳದಿಗೆ ತಿರುಗಿರುತ್ತದೆ. ಮೊದಲ ಸಲ 20 ಅಥವಾ 30 ಗ್ರಾಂ, ಅದಕ್ಕಿಂತ ಜಾಸ್ತಿ ಖಂಡಿತ ಬೇಡ.

ಎಲ್ಲಿ ಸಿಗುತ್ತದೆ

ದುರ್ಗದಬೈಲಿನಲ್ಲಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಕಿರಾಣಿ ಅಂಗಡಿಯಲ್ಲಿ ಹುಡುಕಿ ಕಾಲು ನೋಯಿಸಿಕೊಳ್ಳಬೇಡಿ. "ಇದೂ ಅದ ಐತ್ರೀ, ತಗೋರೀ" ಎಂದು ಗ್ರೀನ್ ಟೀ ಪುಡಿ ಕೈಗಿಟ್ಟರೆ ನಯವಾಗಿ ವಾಪಸ್ ಕೊಡಿ. ದೊಡ್ಡ ಸೂಪರ್ ಮಾರ್ಕೆಟ್, ಮಾಲ್‌ಗಳಲ್ಲಿ ಕೆಲವೊಮ್ಮೆ ಡಬ್ಬಿ ಕಾಣುತ್ತದೆ. ಅಲ್ಲಿ ದಿನಾಂಕವನ್ನು ಎರಡು ಸಲ ನೋಡಿ. ನಿಧಾನಕ್ಕೆ ಮಾರಾಟವಾಗುವ ಮಾಲು ಶೆಲ್ಫಿನಲ್ಲೇ ಮುದಿಯಾಗಿರುತ್ತದೆ.

ಹುಬ್ಬಳ್ಳಿಯವರಿಗಾಗಲಿ, ಗದಗ-ಹಾವೇರಿಯವರಿಗಾಗಲಿ ಸುಲಭದ ದಾರಿ ಆನ್‌ಲೈನ್. ಸಾಧ್ಯವಾದರೆ ಬ್ರ್ಯಾಂಡಿನ ಸ್ವಂತ ತಾಣದಿಂದಲೇ ತರಿಸಿ. ದೊಡ್ಡ ಮಾರುಕಟ್ಟೆ ತಾಣಗಳಲ್ಲಾದರೆ ಮಾರುವವರು ಯಾರು ಎಂದು ನೋಡಿ, ಕಂಪನಿ ಹಾಕಿದ ಫೋಟೋ ಬಿಟ್ಟು ಕೊಂಡವರು ಹಾಕಿದ ಫೋಟೋ ನೋಡಿ. ಅಲ್ಲಿ ಪುಡಿ ಎಳೆ ಎಲೆಯ ಹಸಿರಿದ್ದರೆ ಸರಿ, ಮೆಹಂದಿ ಪುಡಿಯ ಬಣ್ಣಕ್ಕೆ ಹೋಗಿದ್ದರೆ ಬೇಡ. ಏಪ್ರಿಲ್-ಮೇ ಬಿಸಿಲಿನಲ್ಲಿ ಪಾರ್ಸೆಲ್ ದಿನಗಟ್ಟಲೆ ಗೋದಾಮಿನಲ್ಲಿ, ಗಾಡಿಯಲ್ಲಿ ಬೇಯುತ್ತದೆ. ಆ ತಿಂಗಳಲ್ಲಿ ಬೇಗ ಮುಟ್ಟಿಸುವ ಆಯ್ಕೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನೊಂದು ದಾರಿ, ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಗ, ಸೊಸೆ, ಅಳಿಯ. ಜಪಾನಿನಿಂದ ಯಾರಾದರೂ ಬರುವವರಿದ್ದರೆ ಇನ್ನೂ ಒಳ್ಳೆಯದು, ಆದರೆ ಅಲ್ಲಿ ಬೇಕಾದಷ್ಟು ಸಿಗುತ್ತದೆ ಎಂದುಕೊಳ್ಳಬೇಡಿ. ಜಗತ್ತೆಲ್ಲ ಮಾಚಾ ಕುಡಿಯಲು ಶುರು ಮಾಡಿ 2024ರ ಕೊನೆಯ ಹೊತ್ತಿಗೆ ಇಪ್ಪೊಡೊ, ಮಾರುಕ್ಯು ಕೊಯಾಮಾಎನ್‌ನಂಥ ಹಳೆಯ ಕ್ಯೋಟೋ ಕಡೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದವು. ಆ ಹೆಸರಿನ ಡಬ್ಬಿ ಇಲ್ಲಿ ತೀರಾ ಅಗ್ಗಕ್ಕೆ ಕಂಡರೆ ಅನುಮಾನ ಪಡಿ.

ಸಾಮಾನು: ಏನು ಕೊಳ್ಳಬೇಕು, ಏನು ಬೇಡ

ಚಾಸೆನ್. ಇದು ಬಿದಿರಿನ ಕುಂಚ. ಒಂದೇ ತುಂಡು ಬಿದಿರನ್ನು ಸೀಳಿ ಸೀಳಿ ಎಳೆಗಳಾಗಿ ಮಾಡಿರುತ್ತಾರೆ. ಜಪಾನಿನ ನಾರಾ ಪ್ರಾಂತ್ಯದ ತಕಯಾಮಾ ಇದಕ್ಕೆ ಹೆಸರಾದ ಊರು, ಅಲ್ಲಿಯ ಕೈಕೆಲಸದ ಕುಂಚ ದುಬಾರಿ. ಶುರುವಿಗೆ ಚೀನಾದಲ್ಲಿ ಮಾಡಿದ ಸಾಧಾರಣ ಕುಂಚ ಸಾಕು. 80 ಅಥವಾ 100 ಎಳೆಯದ್ದು ತೆಗೆದುಕೊಳ್ಳಿ, ನೊರೆ ಬೇಗ ಬರುತ್ತದೆ. ಪುಡಿ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ ಅಷ್ಟೇ. ಅದನ್ನು ಗಂಟಿಲ್ಲದೆ ಹರಡುವ ಕೆಲಸ ಈ ಎಳೆಗಳದ್ದು. ಚಮಚದಿಂದ ಆಗುವ ಮಾತಲ್ಲ. ಹಾಲಿನ ಮಾಚಾ ಮಾತ್ರ ಕುಡಿಯುವವರಿಗೆ ಸೆಲ್ ಹಾಕಿ ನೊರೆ ಬರಿಸುವ ಕೈ ಫ್ರಾದರ್ ಸಾಕು. ಅದು ಗಟ್ಟಿಮುಟ್ಟು, ತೊಳೆಯಲೂ ಸುಲಭ.

ಬಟ್ಟಲು. ಚಾವಾನ್ ಹೆಸರಿನಲ್ಲಿ ಮಾರುವುದಕ್ಕೆ ದುಡ್ಡು ಸುರಿಯಬೇಡಿ. ಬಾಯಿ ಅಗಲ, ತಳ ಚಪ್ಪಟೆ, ಒಂದು ಗೇಣಿಗಿಂತ ಕಮ್ಮಿ ಅಗಲದ ಪಿಂಗಾಣಿ ಸೂಪ್ ಬಟ್ಟಲು ನಡೆಯುತ್ತದೆ. ಸ್ಟೀಲ್ ಬೋಗುಣಿಯಲ್ಲಿ ಕಲಸಿದರೆ ರುಚಿಗೆ ಮೋಸವೇನಿಲ್ಲ, ಆದರೆ ಕೈ ಸುಡುತ್ತದೆ. ಉದ್ದನೆಯ ಕಾಫಿ ಮಗ್ ಬೇಡ, ಕೈ ಆಡುವುದಿಲ್ಲ.

ಜರಡಿ. ಚಹಾ ಸೋಸುವ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬೇಕು. ದಿನಾ ಚಹಾ ಸೋಸುವುದನ್ನೇ ಎತ್ತಿಕೊಳ್ಳಬೇಡಿ. ಅದಕ್ಕೆ ಶುಂಠಿ, ಏಲಕ್ಕಿ ವಾಸನೆ ಹಿಡಿದಿರುತ್ತದೆ, ಮಾಚಾ ಅದನ್ನು ತಕ್ಷಣ ಎಳೆದುಕೊಳ್ಳುತ್ತದೆ. ಪಾತ್ರೆ ಅಂಗಡಿಯಲ್ಲಿ ಹೊಸದೊಂದು ತನ್ನಿ, ಅದಕ್ಕೇ ಮೀಸಲಿಡಿ.

ಅಳತೆಗೆ ಬಿದಿರಿನ ಚಮಚ, ಅಂದರೆ ಚಾಶಾಕು, ಬೇಕಿಲ್ಲ. ಅಡುಗೆಯ ಅಳತೆ ಚಮಚದಲ್ಲಿ ಒಂದು ಟೀ ಚಮಚ ಸಮ ಮಾಡಿ ತೆಗೆದರೆ ಹೆಚ್ಚುಕಮ್ಮಿ 2 ಗ್ರಾಂ. ಸ್ಟ್ಯಾಂಡ್ ಇದ್ದರೆ ಕುಂಚದ ಆಕಾರ ಚೆನ್ನಾಗಿ ಉಳಿಯುತ್ತದೆ. ಎರಡನೇ ಡಬ್ಬಿ ಕೊಳ್ಳುವಾಗ ಯೋಚಿಸಿ.

ಡಬ್ಬಿ ಮನೆಗೆ ಬಂದ ಮೇಲೆ

ತೆರೆಯದ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಿ. ತೆರೆಯುವ ದಿನ ಹೊರಗೆ ತೆಗೆದು, ಮುಚ್ಚಳ ಮುಟ್ಟದೆ, ಕೋಣೆಯ ಬಿಸಿಗೆ ಬರುವವರೆಗೆ ಬಿಡಿ. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ಕೂರುತ್ತದೆ. ಮಳೆಗಾಲದ ಧಾರವಾಡದಲ್ಲಿ ಇದನ್ನು ಮರೆತರೆ ಪುಡಿ ಗಂಟುಗಂಟು.

ತೆರೆದ ಕೂಡಲೇ ಒಂದು ಚಿಟಿಕೆಯನ್ನು ಬಿಳಿ ಹಾಳೆಯ ಮೇಲೆ ಹಾಕಿ ಬೆರಳಿನಿಂದ ಎಳೆಯಿರಿ. ಒಳ್ಳೆಯ ಪುಡಿ ತುಂಡಾಗದ ಗೆರೆಯಾಗಿ ಹರಡುತ್ತದೆ, ಕೈಗೆ ಟಾಲ್ಕಂ ಪೌಡರಿನಷ್ಟು ನುಣುಪು. ತರಿತರಿ ಎನ್ನಿಸಿದರೆ ಬೀಸಿದ್ದು ಒರಟು. ಮೂಗಿಗೆ ಹಸಿ ಸೊಪ್ಪಿನ, ಸ್ವಲ್ಪ ಸಿಹಿಯಾದ ವಾಸನೆ ಬರಬೇಕು. ಒಣ ಹುಲ್ಲಿನ ವಾಸನೆ ಬಂದರೆ ಹಳೆಯದು.

ತೆರೆದ ಮೇಲೆ ನಾಲ್ಕರಿಂದ ಆರು ವಾರದಲ್ಲಿ ಮುಗಿಸಿ. ಬಿಗಿ ಮುಚ್ಚಳದ ಡಬ್ಬಿ, ಅದರ ಹೊರಗೆ ಇನ್ನೊಂದು ಜಿಪ್ ಚೀಲ. ಒಲೆಯ ಪಕ್ಕದ ಕಪಾಟು ಬೇಡ. ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯ ನೆರೆಯಂತೂ ಬೇಡವೇ ಬೇಡ.

ನೀರು

ಮಲಪ್ರಭೆಯ ನಳದ ನೀರು ಬರುವ ಮನೆಗಳಲ್ಲಿ ಅದನ್ನೇ ಸೋಸಿ ಕಾಯಿಸಿದರೆ ಸಾಕು. ಬೋರಿನ ಗಡಸು ನೀರು ಇರುವಲ್ಲಿ ಅದರ ಕ್ಯಾಲ್ಸಿಯಂ ರುಚಿಯನ್ನು ಮಂಕು ಮಾಡುತ್ತದೆ, ಬಣ್ಣವೂ ಕಂದುತ್ತದೆ. ಅಂಥ ಕಡೆ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬಳಸಿ. ನಿಮ್ಮ ಕೆಟಲ್ಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತಿದ್ದರೆ ನೀರು ಗಡಸು ಎಂದೇ ಅರ್ಥ.

ಬಿಸಿ 75ರಿಂದ 80 ಡಿಗ್ರಿ ಇರಲಿ. ಕುದಿಯುವ ನೀರು ಸುರಿದರೆ ಎಂಥ ದುಬಾರಿ ಪುಡಿಯೂ ಕಹಿ. ಥರ್ಮಾಮೀಟರ್ ಇಲ್ಲದಿದ್ದರೆ, ಕುದಿಸಿದ ನೀರನ್ನು ತಣ್ಣನೆಯ ಸ್ಟೀಲ್ ಲೋಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಸುರಿಯಿರಿ. ಒಂದೊಂದು ಸಲ ಸುರಿದಾಗ ಹತ್ತು ಡಿಗ್ರಿಯ ಆಸುಪಾಸು ಇಳಿಯುತ್ತದೆ. ಎರಡು ಸಲ ಆದಮೇಲೆ ಸರಿಯಾಗಿರುತ್ತದೆ.

ಕಲಸುವ ಕ್ರಮ

ಮೊದಲು ಕುಂಚದ ಎಳೆಗಳನ್ನು ಬಿಸಿನೀರಿನಲ್ಲಿ ಒಂದೆರಡು ನಿಮಿಷ ನೆನೆಸಿ. ಒಣಗಿದ್ದಾಗ ಬಿದಿರು ಪಟಕ್ಕನೆ ಮುರಿಯುತ್ತದೆ, ನೆಂದರೆ ಬಾಗುತ್ತದೆ. ಬಟ್ಟಲಿಗೂ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ, ಚೆಲ್ಲಿ, ಒಣ ಬಟ್ಟೆಯಿಂದ ಒರೆಸಿ. ಹನಿ ಉಳಿದರೆ ಪುಡಿ ಅಲ್ಲೇ ಅಂಟಿಕೊಳ್ಳುತ್ತದೆ.

ಈಗ 2 ಗ್ರಾಂ ಪುಡಿಯನ್ನು ಜಾಲರಿಯಲ್ಲಿ ಹಾಕಿ ಚಮಚದ ಹಿಂಭಾಗದಿಂದ ಉಜ್ಜಿ ಬಟ್ಟಲಿಗೆ ಇಳಿಸಿ. ಈ ಹೆಜ್ಜೆಯನ್ನು ಬಿಡುವವರೇ ಜಾಸ್ತಿ, "ಗಂಟು ಗಂಟು ಆಗ್ತದ" ಎನ್ನುವವರೂ ಅವರೇ.

ಒಂದೆರಡು ಚಮಚ ನೀರು ಹಾಕಿ ನಿಧಾನಕ್ಕೆ ಕಲಸಿ, ಲೇಹದ ಹದಕ್ಕೆ ತನ್ನಿ. ಆಮೇಲೆ ಉಳಿದ ನೀರು. ಒಟ್ಟು 60-70 ಮಿಲಿ, ಅಂದರೆ ಹೋಟೆಲಿನ ಸಣ್ಣ ಕಟ್ ಚಹಾದಷ್ಟೇ. ಮೊದಲ ಸಲ ಮಾಡುವವರು ದೊಡ್ಡ ಗ್ಲಾಸ್ ತುಂಬ ನೀರು ಸುರಿದು ಸಪ್ಪೆ ಮಾಡಿಕೊಳ್ಳುತ್ತಾರೆ.

ಕುಂಚವನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಗುರಾಗಿ ಹಿಡಿದು ಮುಂದಕ್ಕೂ ಹಿಂದಕ್ಕೂ ಜೋರಾಗಿ ಆಡಿಸಿ. ತೋಳು ಅಲ್ಲಾಡಬಾರದು, ಮಣಿಕಟ್ಟು ಮಾತ್ರ. ಮಜ್ಜಿಗೆ ಕಡೆಯುವ ಹಾಗೆ ಗಿರಗಿರನೆ ತಿರುಗಿಸಿದರೆ ನೀರು ಸುತ್ತುತ್ತದೆ, ನೊರೆ ಬರುವುದಿಲ್ಲ. ತಳಕ್ಕೆ ಒತ್ತಲೂ ಬೇಡಿ, ಎಳೆಗಳ ತುದಿ ತಳಕ್ಕಿಂತ ಕೂದಲೆಳೆ ಮೇಲಿರಲಿ. 15-20 ಸೆಕೆಂಡು ಸಾಕು. ಮೇಲೆ ಸಣ್ಣ ನೊರೆ ಹರಡಿದ ಮೇಲೆ ಕುಂಚವನ್ನು ಮೇಲ್ಮೈಗೆ ತಂದು ದೊಡ್ಡ ಗುಳ್ಳೆಗಳನ್ನು ನಿಧಾನಕ್ಕೆ ಒಡೆದು, ನಡುವಿನಿಂದ ಮೇಲೆತ್ತಿ.

ತಕ್ಷಣ ಕುಡಿಯಿರಿ. ಫೋಟೋ ತೆಗೆಯುತ್ತಾ ಕೂತರೆ ಪುಡಿ ತಳಕ್ಕಿಳಿಯುತ್ತದೆ. ಜೊತೆಗೆ ಒಂದು ತುಣುಕು ಸಿಹಿ ಇರಲಿ. ಜಪಾನಿನವರೂ ಮಾಚಾಕ್ಕಿಂತ ಮೊದಲು ಸಿಹಿ ತಿನ್ನುತ್ತಾರೆ. ನಮ್ಮಲ್ಲಿ ಪೇಡಾ ಇರುವಾಗ ಬೇರೇನು ಬೇಕು? ಹುರಿದ ಖೋವಾದ ಆ ಕಂದು ರುಚಿ ನಾಲಿಗೆಯ ಮೇಲಿರುವಾಗ ಮಾಚಾದ ಕಹಿ ಹಿತವಾಗುತ್ತದೆ. ಧಾರವಾಡದವರಿಗೆ ಈ ಅನುಕೂಲ ಕ್ಯೋಟೋದವರಿಗೂ ಇಲ್ಲ.

ರುಚಿ ಹದಕ್ಕೆ ಬರದಿದ್ದರೆ: ಕಹಿಯಾದರೆ ಮೊದಲು ನೀರಿನ ಬಿಸಿ ಇಳಿಸಿ, ಆಮೇಲೆ ಪುಡಿಯನ್ನು ಒಂದೂವರೆ ಗ್ರಾಂಗೆ ತನ್ನಿ. ಎರಡೂ ಆದಮೇಲೂ ಕಹಿಯಿದ್ದರೆ ಅದು ಪುಡಿಯ ಗುಣ, ಆ ಡಬ್ಬಿಯನ್ನು ಹಾಲಿಗೆ ಬಳಸಿ ಮುಗಿಸಿ. ನೊರೆ ಬರದಿದ್ದರೆ ನೀರು ಜಾಸ್ತಿಯಾಗಿದೆ ಅಥವಾ ಕೈ ನಿಧಾನವಾಗಿದೆ.

ಹಾಲಿನಲ್ಲಿ

2ರಿಂದ 3 ಗ್ರಾಂ ಪುಡಿಯನ್ನು 40-50 ಮಿಲಿ ಬಿಸಿನೀರಿನಲ್ಲಿ ಮೊದಲಿನಂತೆಯೇ ಕಲಸಿ, ಅದಕ್ಕೆ 150 ಮಿಲಿ ಹಾಲು ಸೇರಿಸಿ. ನೇರ ಹಾಲಿಗೆ ಪುಡಿ ಹಾಕಬೇಡಿ, ಹಾಲಿನೊಂದಿಗೆ ಪುಡಿ ಕುದಿಸುವುದಂತೂ ಬೇಡ. ಚಹಾ ಕುದಿಸುವ ನಮ್ಮ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ. ಗೌಳಿಗರ ಮನೆಯ ದಪ್ಪ ಎಮ್ಮೆ ಹಾಲು ಚಹಾಕ್ಕೆ ಅಮೃತ, ಮಾಚಾದ ರುಚಿಯನ್ನು ಮಾತ್ರ ಪೂರಾ ಮುಚ್ಚಿಬಿಡುತ್ತದೆ. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಇದಕ್ಕೆ ಸರಿಯಾಗುತ್ತದೆ. ಸಿಹಿಗೆ ಸಕ್ಕರೆ ಸಾಕು, ಬೆಲ್ಲ ತನ್ನ ರುಚಿಯನ್ನೇ ಮುಂದೆ ಮಾಡುತ್ತದೆ.

ಬೇಸಿಗೆಗೆ ಬಿಸಿಯ ಗೋಜೇ ಬೇಡ. ಬಿಗಿ ಮುಚ್ಚಳದ ಬಾಟಲಿಗೆ ಜರಡಿ ಹಿಡಿದ ಪುಡಿ, ತಣ್ಣೀರು, ಎರಡು ತುಂಡು ಐಸ್ ಹಾಕಿ ಅರ್ಧ ನಿಮಿಷ ಕುಲುಕಿ. ತಣ್ಣೀರಿನಲ್ಲಿ ಕಹಿಯೂ ಕಮ್ಮಿ ಬಿಡುತ್ತದೆ. ಕುಂಚವನ್ನೂ ಕೊಳ್ಳಲು ಮನಸ್ಸಿಲ್ಲದವರು ಇಲ್ಲಿಂದಲೇ ಶುರು ಮಾಡಬಹುದು.

ಯಾವಾಗ, ಎಷ್ಟು

ಒಂದು ಕಪ್ ಮಾಚಾದ ಕೆಫೀನ್ ಗಟ್ಟಿ ಚಹಾಕ್ಕಿಂತ ಕಮ್ಮಿಯೇನಲ್ಲ. ದಿನಕ್ಕೆ ಒಂದು, ಬಹಳ ಆದರೆ ಎರಡು. ಸಂಜೆ ಐದರ ಮೇಲೆ ಕುಡಿದು ನಿದ್ದೆ ಬರಲಿಲ್ಲ ಎನ್ನಬೇಡಿ. ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಊಟದ ಜೊತೆ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತಹೀನತೆ ಇರುವವರು ಊಟಕ್ಕೂ ಇದಕ್ಕೂ ಒಂದು ಗಂಟೆಯಾದರೂ ಅಂತರ ಇಡಬೇಕು. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ತೂಕ ಇಳಿಸುತ್ತದೆ ಎಂಬ ಜಾಹೀರಾತು ನಂಬಿ ಕೊಳ್ಳುವುದಾದರೆ, ಸುಮ್ನೆ ಬೆಳಗ್ಗೆ ಉಣಕಲ್ ಕೆರೆಯ ಸುತ್ತ ನಡೆಯಿರಿ, ದುಡ್ಡೂ ಉಳಿಯುತ್ತದೆ.

ಕುಂಚ ತೊಳೆಯುವುದು

ಕುಡಿದ ಕೂಡಲೇ ಬಟ್ಟಲಿಗೆ ಬಿಸಿನೀರು ಹಾಕಿ, ಕುಂಚವನ್ನು ಅದರಲ್ಲೇ ನಾಲ್ಕು ಸಲ ಆಡಿಸಿ, ನಳದ ಕೆಳಗೆ ಹಿಡಿದು ತೊಳೆಯಿರಿ. ಸೋಪು, ವಿಮ್, ತಿಕ್ಕುವ ನಾರು ಯಾವುದೂ ಬೇಡ. ಬಿದಿರು ಸೋಪನ್ನು ಕುಡಿದು ಮರುದಿನ ನಿಮಗೇ ವಾಪಸ್ ಕೊಡುತ್ತದೆ. ನೀರು ಕೊಡವಿ, ಗಾಳಿಯಾಡುವಲ್ಲಿ ಒಣಗಿಸಿ. ಅದು ಬಂದಿದ್ದ ಪ್ಲಾಸ್ಟಿಕ್ ಡಬ್ಬಿಗೆ ಒದ್ದೆಯಲ್ಲಿ ತುರುಕಿದರೆ ಜುಲೈ-ಆಗಸ್ಟಿನಲ್ಲಿ ಬೂಷ್ಟು ಹಿಡಿಯುವುದು ಗ್ಯಾರಂಟಿ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ, ಎಸೆಯಿರಿ. ನಡುವಿನ ಸುರುಳಿ ಬಿಚ್ಚಿಕೊಳ್ಳುವುದು ಸಹಜ, ಅದಕ್ಕೆ ಗಾಬರಿ ಬೇಡ. ಒಂದೆರಡು ಎಳೆ ಮುರಿದರೂ ನಡೆಯುತ್ತದೆ. ಕಪ್ಪಿನಲ್ಲಿ ಬಿದಿರಿನ ಚೂರು ಸಿಗಲು ಶುರುವಾದ ದಿನ ಹೊಸ ಕುಂಚ ತರಿಸಿ.